ಲಾಂಛನ ಮತ್ತು ನಡೆ

‘ಲಾಂಛನ’ವೆಂಬ ಶಬ್ದವು ವೀರಶೈವರಿಗೆ ಹೊಸದಲ್ಲ. ವಿಭೂತಿ, ರುದ್ರಾಕ್ಷಿ, ಇಷ್ಟಲಿಂಗಗಳನ್ನು ಧರಿಸಿದವನನ್ನು ಲಾಂಛನಧಾರಿಯೆಂದು ನಮ್ಮ ಹಿರಿಯರು ಕರೆದರು, ಕಂಡೊಡನೆ ಶರಣೆಂದರು. ಇಂದು ಅದೇ ಶಬ್ದವು ಬೇರೊಂದು ಅರ್ಥದಲ್ಲಿಯೂ ಬಳಕೆಗೆ ಬಂದಿದೆ. ಬ್ಯಾಂಕು, ಕಾರ್ಖಾನೆ, ವಿದ್ಯಾಸಂಸ್ಥೆಗಳು ತಮ್ಮ ಗುರುತಾಗಿ ಇಟ್ಟುಕೊಳ್ಳುವ ಲೋಗೋ ಎಂಬ ಚಿಹ್ನೆಗೂ ಕನ್ನಡದಲ್ಲಿ ಲಾಂಛನವೆಂದೇ ಹೆಸರು. ವಿನ್ಯಾಸಕಲೆಯ ವಿದ್ಯಾರ್ಥಿಗಳು ಕಲಿಯುವ ಪಾಠಗಳಲ್ಲಿ ಎರಡನ್ನು ಇಲ್ಲಿ ವಿಚಾರಿಸಬೇಕಾಗಿದೆ. ಒಂದು, ಛಾಯಾಚಿತ್ರವನ್ನು ಗಣಕಯಂತ್ರದಲ್ಲಿ ತಿದ್ದುವುದು. ಇನ್ನೊಂದು, ತನ್ನ ಹೆಸರಿಗೇ ಒಂದು ಲಾಂಛನವನ್ನು ರಚಿಸುವುದು. ಸದ್ಭಕ್ತರ ಮನೆಗಳ ಮಕ್ಕಳೂ ಈಗ ಈ ವಿದ್ಯೆಯನ್ನು ಕಲಿಯುತ್ತಿದ್ದಾರೆ. ಇದ್ದುದನ್ನು ತಿದ್ದಿ ತೋರುವ ಕೆಲಸವು ಸತ್ಯಶುದ್ಧ ಕಾಯಕವೆನಿಸೀತೆ? ‘ನಾನು’ ಎಂಬುದನ್ನು ಅಳಿಯಬೇಕೆಂದ ಶರಣರ ಮಾರ್ಗದಲ್ಲಿ ನಡೆಯುವವರು ತಮ್ಮ ಹೆಸರಿಗೆ ಚಿಹ್ನೆ ಕಟ್ಟಬಹುದೆ? ತಂದೆತಾಯಿಗಳ ಮನದಲ್ಲೇಳುವ ಈ ಶಂಕೆಗಳನ್ನು ಲಘುವಾಗಿ ತಳ್ಳಿಹಾಕಲಾಗದು.

ಮೊದಲು ತಿದ್ದುವಿಕೆಯನ್ನು ವಿಚಾರಿಸೋಣ. ಇದು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಗಾಜಿನ ನೆಗೆಟಿವುಗಳ ಕಾಲದಲ್ಲಿಯೇ ಸ್ಟುಡಿಯೋದವರು ಸೀಸದಕಡ್ಡಿಯಿಂದ ಮುಖದ ಸುಕ್ಕುಗಳನ್ನು ಮರೆಸುತ್ತಿದ್ದರು. ಅಮೇರಿಕದ ನೋಲ್ ಸೋದರರು ರಚಿಸಿದ ಫೋಟೋಶಾಪ್ 1990ರಲ್ಲಿ ಹೊರಬಂದ ಮೇಲೆ ದಿನಗಟ್ಟಲೆಯ ಕೆಲಸವು ಗಳಿಗೆಯ ಕೆಲಸವಾಯಿತು.

ತಿದ್ದಿದುದೆಲ್ಲವೂ ಸುಳ್ಳೆನ್ನಲಾಗದು. ಕ್ಯಾಮರಾದ ಕಣ್ಣು ಮನುಷ್ಯನ ಕಣ್ಣಿನಂತಲ್ಲ. ದೀಪದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಬಿಳಿಯ ವಿಭೂತಿಯೂ ಹಳದಿಯಾಗಿ ಕಾಣುವುದುಂಟು. ಆ ಹಳದಿಯನ್ನು ಕಳೆದು ಬಿಳುಪನ್ನು ಮರಳಿ ತಂದವನು ಸತ್ಯಕ್ಕೆ ಹತ್ತಿರವೇ ಬಂದನು. ಅಜ್ಜನ ಹಳೆಯ ಪಟದ ಮೇಲಿನ ಕಲೆಗಳನ್ನೂ ಗೀರುಗಳನ್ನೂ ತೆಗೆಯುವುದು ಅಂಥದೇ. ಲಿಂಗದ ಮೇಲಿನ ಧೂಳನ್ನು ಒರೆಸಿದರೆ ಲಿಂಗವು ಬದಲಾಯಿತೆನ್ನಬಹುದೆ?

ಆದರೆ 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯವರು ಗೀಜಾದ ಪಿರಮಿಡ್ಡುಗಳ ಅಡ್ಡಚಿತ್ರವನ್ನು ನೀಳವಾದ ಮುಖಪುಟಕ್ಕೆ ಹೊಂದಿಸಲೋಸುಗ ಅವುಗಳನ್ನು ಯಂತ್ರದ ನೆರವಿನಿಂದ ಒಂದರ ಬಳಿಗೊಂದು ಸರಿಸಿದರು. ಅದರಿಂದ ಯಾರ ಹಣವೂ ಹೋಗಲಿಲ್ಲ. ಯಾರ ಮಾನವೂ ಕೆಡಲಿಲ್ಲ. ಆದರೂ ಅದು ಆಕ್ಷೇಪಕ್ಕೆ ಗುರಿಯಾಯಿತು. ಏಕೆ? ‘ಇದು ಇದ್ದಂತೆಯೇ ಇದೆ’ ಎಂದು ಓದುಗರಿಗೆ ಕೊಟ್ಟಿದ್ದ ಮಾತು ಅಲ್ಲಿ ಮುರಿಯಿತು. ತಪ್ಪು ಉಪಕರಣದಲ್ಲಿಲ್ಲ, ನೋಡುವವನ ನಂಬಿಕೆಯೊಡನೆ ನಾವು ನಡೆದುಕೊಳ್ಳುವ ರೀತಿಯಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂಥ ಪ್ರಸಂಗವು ನಮ್ಮ ಮನೆಗಳಲ್ಲಿ ಬರುವುದು ಕನ್ಯೆಯ ಭಾವಚಿತ್ರದ ವಿಷಯದಲ್ಲಿ. ವರನ ಕಡೆಗೆ ಕಳುಹಿಸುವ ಪಟದಲ್ಲಿ ಹುಡುಗಿಯ ಮೈಬಣ್ಣವನ್ನು ತುಸು ತಿಳಿಯಾಗಿಸೆಂದು ಹಿರಿಯರೇ ಹೇಳುವುದುಂಟು. ತಿದ್ದುವ ಕೈ ಅವಳ ತಮ್ಮನದೋ ತಂಗಿಯದೋ ಆಗಿರಬಹುದು. ಇಲ್ಲಿ ಎರಡು ಅಪಚಾರಗಳು ಒಮ್ಮೆಲೇ ನಡೆಯುತ್ತವೆ. ಬೀಗರಾಗುವವರಿಗೆ ಸುಳ್ಳು ಹೇಳಿದಂತಾಯಿತು. ‘ನೀನು ಇದ್ದಂತೆ ಸಾಲದವಳು’ ಎಂದು ಮನೆಯ ಮಗಳಿಗೇ ತೀರ್ಪಿತ್ತಂತಾಯಿತು. ಎರಡನೆಯ ಅಪಚಾರವೇ ಹಿರಿದು. ಹುಟ್ಟಿದ ಕುಲವನ್ನೆಣಿಸದೆ ಮನುಷ್ಯನನ್ನು ನಡೆಯಿಂದ ಅಳೆದ ಶರಣರ ಹೆಸರು ಹೇಳುವವರು ತೊಗಲಿನ ಬಣ್ಣದಿಂದ ಅಳೆಯತಕ್ಕದ್ದೆ? ‘ಎಲ್ಲರೂ ಹೀಗೆಯೇ ಮಾಡುವಾಗ ನಾವೊಬ್ಬರು ಬಿಟ್ಟರೆ ಹುಡುಗಿಗೇ ನಷ್ಟ’ ಎಂದು ಕೆಲವರು ಹೇಳಬಹುದು. ಈ ಭಯ ಹುಸಿಯಲ್ಲ. ಆದರೆ ಪಟವನ್ನು ಒಪ್ಪಿದ ಮನೆಗೆ ಹೋಗಿ ಬಾಳಬೇಕಾದವಳು ಹುಡುಗಿ. ಪಟಕ್ಕೂ ತನಗೂ ಇರುವ ಅಂತರದ ಕೊಂಕುನುಡಿಯನ್ನು ದಿನದಿನವೂ ಕೇಳಬೇಕಾದವಳೂ ಅವಳೇ.

ಇನ್ನು ಹೆಸರಿನ ಲಾಂಛನ. ಶರಣರು ವಚನಗಳ ಕೊನೆಯಲ್ಲಿ ಅಂಕಿತವನ್ನಿಟ್ಟರು. ಬಸವಣ್ಣನವರು ಕೂಡಲಸಂಗಮದೇವನನ್ನು, ಅಲ್ಲಮಪ್ರಭುಗಳು ಗುಹೇಶ್ವರನನ್ನು, ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನನ್ನು ನೆನೆದರು. ಮಾತು ಯಾರದೆಂದು ಅಂಕಿತದಿಂದ ತಿಳಿಯುತ್ತದೆ. ಆದರೂ ಅಲ್ಲಿರುವುದು ಇಷ್ಟದೈವದ ಹೆಸರು. ಇದನ್ನು ಕಂಡು, ಸ್ವಂತ ಹೆಸರಿನ ಚಿಹ್ನೆಯೆಲ್ಲವೂ ಅಹಂಕಾರವೆಂದು ತೀರ್ಮಾನಿಸುವುದು ಸುಲಭ. ಆದರೆ ಅಂಬಿಗರ ಚೌಡಯ್ಯನವರನ್ನು ಮರೆಯಬಾರದು. ಅವರ ವಚನಗಳ ಅಂಕಿತವು ಅವರ ಹೆಸರೇ. ಆ ಹೆಸರಿಗೆ ಅವರ ಕಾಯಕವು ಅಂಟಿಕೊಂಡಿದೆ. ಡಾಂಭಿಕರನ್ನು ಕಟುವಾಗಿ ಖಂಡಿಸಿದ ಅವರು ಆ ಕಟುನುಡಿಯ ಹೊಣೆಯನ್ನು ದೇವರ ಮೇಲೆ ಹೊರಿಸದೆ ತಾವೇ ಹೊತ್ತರೆಂದು ನಾವು ಭಾವಿಸಬಹುದು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿಯೂ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಾವು ಕಡೆದ ಮೂರ್ತಿಗಳಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಮೂರ್ತಿ ಮೊದಲು ನಿಂತಿತು. ಹೆಸರು ಆ ಬಳಿಕ ಬಂದಿತು.

ಹೆಸರಿಲ್ಲದೆಯೂ ಹಿರಿಯ ಕೆಲಸ ನಡೆಯುತ್ತದೆ. ದೂರದರ್ಶನದ ಕಣ್ಣಿನಾಕಾರದ ಲಾಂಛನವನ್ನು 1970ರ ದಶಕದಲ್ಲಿ ರಚಿಸಿದವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದ ದೇವಾಶಿಸ್ ಭಟ್ಟಾಚಾರ್ಯರು. ಆ ಕಣ್ಣನ್ನು ಮನೆಮನೆಯವರೂ ಬಲ್ಲರು. ಅದನ್ನು ಬರೆದ ಕೈಯನ್ನು ಬಲ್ಲವರು ವಿರಳ. ಅದರಿಂದ ಆ ಕೆಲಸಕ್ಕೆ ಕುಂದೇನೂ ಬರಲಿಲ್ಲ.

ಹಾಗಾದರೆ ವಿದ್ಯಾರ್ಥಿಯು ತನ್ನ ಲಾಂಛನವನ್ನು ಯಾವ ಭಾವದಿಂದ ರಚಿಸತಕ್ಕದ್ದು? ಶರಣರು ಲಾಂಛನಕ್ಕೆ ಶರಣೆಂದರು. ಲಾಂಛನಕ್ಕೆ ತಕ್ಕ ನಡೆಯಿಲ್ಲದವನನ್ನು ದಂಡಿಸಿಯೂ ನುಡಿದರು. ಚಿಹ್ನೆಯನ್ನು ಧರಿಸಿದವನು ಆ ಚಿಹ್ನೆಗೆ ಉತ್ತರ ಕೊಡಬೇಕಾದವನು. ‘ನನ್ನನ್ನು ನೋಡಿರಿ’ ಎಂಬುದಕ್ಕಾಗಿ ಕಟ್ಟಿದ ಲಾಂಛನವು ಬರಿಯ ಶೃಂಗಾರ. ‘ಇದರಲ್ಲಿ ತಪ್ಪಿದ್ದರೆ ನನ್ನನ್ನು ಕೇಳಿರಿ’ ಎಂಬುದಕ್ಕಾಗಿ ಕಟ್ಟಿದುದು ವ್ರತಕ್ಕೆ ಸಮಾನ.

ಹೀಗೆ ವಿಚಾರಿಸಿದಾಗ ಎರಡು ಪಾಠಗಳೂ ಒಂದಕ್ಕೊಂದು ಒರೆಗಲ್ಲಾಗುತ್ತವೆ. ಪಟವೊಂದನ್ನು ತಿದ್ದಿ ಮುಗಿಸಿದ ವಿದ್ಯಾರ್ಥಿಯು, ತಾನು ಮಾಡಿದ ತಿದ್ದುಪಡಿಯನ್ನು ನೋಡುವವರಿಗೆ ಬಾಯಿಬಿಟ್ಟು ಹೇಳಿ, ಕೆಳಗೆ ತನ್ನ ಲಾಂಛನವನ್ನು ಒತ್ತಲು ಸಿದ್ಧನಿದ್ದಾನೆಯೆ? ಅಜ್ಜನ ಪಟದ ಕಲೆ ತೆಗೆದವನು ಸಂತೋಷದಿಂದ ಒತ್ತುವನು. ಅಕ್ಕನ ಬಣ್ಣ ಬದಲಿಸಿದವನು ಒತ್ತಲಾರನು. ಅವನ ಕೈ ಹಿಂಜರಿಯುವುದೇ ಅದಕ್ಕೆ ಸಾಕ್ಷಿ. ಲಾಂಛನವನ್ನು ಒತ್ತಲಾಗದ ಕೆಲಸವನ್ನು ಕೈಗೆತ್ತಿಕೊಳ್ಳಬಾರದು. ಅದರಿಂದ ಒಬ್ಬ ಗಿರಾಕಿ ಬೇರೆ ಅಂಗಡಿಗೆ ಹೋಗಬಹುದು, ನೆಂಟರು ಮುನಿಯಬಹುದು. ಸತ್ಯಶುದ್ಧ ಕಾಯಕದ ಬೆಲೆ ಎಲ್ಲ ಕಾಲಕ್ಕೂ ಇಷ್ಟಿದ್ದೇ ಇದೆ. ಹಿರಿಯರಾದವರು ಮರೆಮಾಚಬೇಕಾದ ಕೆಲಸವನ್ನು ಮಕ್ಕಳಿಗೆ ಹೇಳದಿದ್ದರೆ, ಆ ಬೆಲೆಯನ್ನು ತೆರುವುದು ಮಕ್ಕಳಿಗೆ ಅಷ್ಟರಮಟ್ಟಿಗೆ ಹಗುರವಾದೀತು.