ಅತಿಭಾರಾರೋಪಣ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ. ಅವುಗಳಲ್ಲಿ ನಾಲ್ಕನೆಯದು ಅತಿಭಾರಾರೋಪಣ, ಅಂದರೆ ಶಕ್ತಿ ಮೀರಿ ಭಾರ ಹೇರುವುದು. ಎತ್ತು, ಕುದುರೆ, ಆಳುಗಳನ್ನು ಕುರಿತೇ ಇದನ್ನು ವ್ಯಾಖ್ಯಾನಿಸುತ್ತ ಬಂದಿದ್ದೇವೆ. ಮನೆಯ ಮಕ್ಕಳಿಗೂ ಇದು ಅನ್ವಯಿಸುವುದೇ ಎಂಬುದು ಇಲ್ಲಿಯ ಪ್ರಶ್ನೆ.

ಲಿಂಗಸುಗೂರಿನಲ್ಲಿ ಅಡತಿ ವ್ಯಾಪಾರ ಮಾಡುತ್ತ ಭಾರದ ಲೆಕ್ಕದಲ್ಲಿಯೇ ಆಯುಷ್ಯ ಕಳೆದವನು ನಾನು. ಹಿಂದೆ ಹಮಾಲರು 100 ಕಿಲೋ ತೂಕದ ಚೀಲಗಳನ್ನು ಬೆನ್ನ ಮೇಲೆ ಹೊರುತ್ತಿದ್ದರು. ಇಂದು ಚೀಲ 50 ಕಿಲೋಗೆ ಇಳಿದಿದೆ. 9 ಮತ್ತು 10ನೆಯ ತರಗತಿಯವರ ಪುಸ್ತಕದ ಚೀಲ 5 ಕಿಲೋ ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲಿ ಆದೇಶಿಸಿತು. ಬೆನ್ನಿಗೆ ಮಿತಿ ಬಂದಿತು. ಆದರೆ ಹತ್ತನೆಯದು ಮುಗಿಯುತ್ತಲೇ ವಿಜ್ಞಾನ ಓದಲು ರಾಯಚೂರು, ಧಾರವಾಡಗಳ ವಸತಿನಿಲಯಗಳಿಗೆ ಹೊರಡುವ ನಮ್ಮ ಮಕ್ಕಳ ಮನಸ್ಸಿನ ಭಾರಕ್ಕೆ ತಕ್ಕಡಿಯಿಲ್ಲ.

ಆ ಭಾರವನ್ನು ನಾನೂ ಹೇರಿದ್ದೇನೆ. ಮಗ ಹತ್ತನೆಯ ತರಗತಿಯಲ್ಲಿದ್ದಾಗ, ಅಂಗಡಿಗೆ ಬಂದವರ ಮುಂದೆಯೇ ಅವನ ಅಂಕಗಳನ್ನು ನೆರೆಯವರ ಮಗನ ಅಂಕಗಳೊಡನೆ ತೂಗಿ ಮಾತನಾಡುತ್ತಿದ್ದೆ. ಅವನು ಅಂಗಡಿಗೆ ಬರುವುದನ್ನು ಬಿಟ್ಟ. ಬಳಿಕ ಊಟಕ್ಕೆ ನಮ್ಮೊಡನೆ ಕೂಡುವುದನ್ನೂ ಬಿಟ್ಟ. ಅಭ್ಯಾಸದಲ್ಲಿ ಮಗ್ನನಾಗಿದ್ದಾನೆಂದು ನಾನು ಸಂತೋಷಪಟ್ಟೆ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಒಂದೇ ಪುಟವನ್ನು ನೋಡುತ್ತ ಕೂಡುತ್ತಾನೆಂದು ಅವನ ತಾಯಿ ಹೇಳಿದಾಗಲೇ ನನಗೆ ತಿಳಿದದ್ದು. ಜೀವದಯೆಗೆಂದು ಪ್ರತಿ ವರ್ಷ ಗೋಶಾಲೆಗೆ ಮೇವು ಕಳಿಸುವ ನಾನು ಮನೆಯೊಳಗಿನ ಜೀವವನ್ನು ಕಂಡಿರಲಿಲ್ಲ.

ಕಷ್ಟವಿಲ್ಲದೆ ವಿದ್ಯೆಯುಂಟೇ, ತಪಸ್ಸೂ ಕಷ್ಟವೇ ಅಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಆದರೆ ತಾನಾಗಿ ಸ್ವೀಕರಿಸಿದ ಕಷ್ಟ ತಪಸ್ಸು. ಪರರ ಮೇಲೆ ಹೇರಿದ ಕಷ್ಟ ಹಿಂಸೆ. ತಪಸ್ಸನ್ನು ಕೂಡ ಶಕ್ತಿಗನುಸಾರವಾಗಿ ಆಚರಿಸಬೇಕೆಂದು ಷೋಡಶಕಾರಣ ಭಾವನೆಗಳು ತಿಳಿಸುತ್ತವೆ. ಮಕ್ಕಳ ಹಿತಕ್ಕಾಗಿಯೇ ಒತ್ತಾಯಿಸುತ್ತೇವೆ ಎನ್ನುವವರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲಿ. ಅಂಕ ಕಡಿಮೆಯಾದಾಗ ನಮ್ಮನ್ನು ಮೊದಲು ಕಾಡುವುದು ಮಗುವಿನ ಭವಿಷ್ಯವೋ, ನಾಲ್ಕು ಜನರ ಮಾತೋ? ಎರಡನೆಯದಾದರೆ ಆ ಭಾರ ನಮ್ಮ ಮಾನಕಷಾಯದ್ದು. ಹೊರುವುದು ಮಾತ್ರ ಮಗು.

ಇದು ಬರಿಯ ತತ್ತ್ವಚರ್ಚೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಎಲ್ಲಕ್ಕೂ ಪರೀಕ್ಷೆಯೊಂದೇ ಕಾರಣವಲ್ಲ. ಆದರೂ ಈ ಸಂಖ್ಯೆಯನ್ನು ಓದಿ ಯಾವ ಶ್ರಾವಕನೂ ನಿಶ್ಚಿಂತನಾಗಿರಲಾರ. 2025ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಂಕಗಳನ್ನು ನೋಡಿ ಮಕ್ಕಳನ್ನು ಬೇರ್ಪಡಿಸುವುದನ್ನೂ ಬಹಿರಂಗವಾಗಿ ಅವಮಾನಿಸುವುದನ್ನೂ ಬಿಡಬೇಕೆಂದು ಶಿಕ್ಷಣಸಂಸ್ಥೆಗಳಿಗೆ ಮಾರ್ಗಸೂಚಿ ನೀಡಿತು. ನ್ಯಾಯಾಲಯದ ಮಾತು ಶಾಲೆಯ ಬಾಗಿಲವರೆಗೆ ಹೋದೀತು. ಮನೆಯೊಳಗೆ ಕಾಯಬೇಕಾದುದು ನಮ್ಮ ವ್ರತ.

ಪ್ರತಿಕ್ರಮಣದಲ್ಲಿ ಈ ಅತಿಚಾರವನ್ನು ನೆನೆಯುವಾಗ ಮಕ್ಕಳನ್ನೂ ನೆನೆಯೋಣ. ನಿದ್ದೆ, ಊಟ, ಮಾತು ಕಡಿಮೆಯಾದ ಮಗುವಿಗೆ ಉಪದೇಶ ಮಾಡದೆ, ಅದರ ಮಾತನ್ನು ಕೇಳೋಣ. ಬದುಕೇ ಬೇಡವೆಂಬ ಮಾತು ಅದರ ಬಾಯಿಂದ ಬಂದರೆ ಹಗುರವಾಗಿ ಕಾಣದೆ, ನಾಚದೆ, ವೈದ್ಯರ ಬಳಿಗೆ ಕರೆದೊಯ್ಯೋಣ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಕರೆ ಮಾಡಬಹುದು. ಪರೀಕ್ಷೆಯಲ್ಲಿ ಸೋತವರು ಅದೇ ವರ್ಷ ಮತ್ತೆ ಬರೆಯಬಹುದು. ಹೋದ ಜೀವ ಮರಳದು.

ಪರ್ಯೂಷಣದ ಕೊನೆಗೆ ಊರವರೆಲ್ಲರ ಕ್ಷಮೆ ಬೇಡುವ ನಾವು ಮಕ್ಕಳ ಕ್ಷಮೆಯನ್ನು ಬೇಡಿದ್ದೇವೆಯೇ? ಆ ವರ್ಷ ನಾನು ಮಗನ ಎದುರು ಕೈಮುಗಿದೆ. ಭಾರ ಇಳಿಸುವ ಕೆಲಸ ನಮ್ಮ ಮನೆಯಲ್ಲಿ ಅಲ್ಲಿಂದ ಮೊದಲಾಯಿತು.