ಸೊಪ್ಪಿನ ರಸ, ಮಣ್ಣಿನ ತೀರ್ಪು

ನೀಲಗಿರಿ ತೋಪಿನ ಪಕ್ಕ ಹೊಲ ಇರುವವರದ್ದು ಒಂದೇ ದೂರು: ಬದುವಿನ ಅಂಚಿನಲ್ಲಿ ರಾಗಿ ಏಳುವುದಿಲ್ಲ. ಮರ ನೀರು ಹೀರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಕಾರಣ. ನೆರಳೂ ಸೇರಿಕೊಳ್ಳುತ್ತದೆ. ಕಣ್ಣಿಗೆ ಬೀಳದ ಇನ್ನೊಂದು ಕಾರಣ ಎಲೆಯೊಳಗೇ ಇದೆ. ಒಂದು ಗಿಡ ತನ್ನ ರಾಸಾಯನಿಕಗಳಿಂದ ಇನ್ನೊಂದರ ಬೆಳವಣಿಗೆಯನ್ನು ತಿದ್ದುವ ಈ ವ್ಯವಹಾರಕ್ಕೆ ಸಸ್ಯವಿಜ್ಞಾನಿ ಹ್ಯಾನ್ಸ್ ಮೋಲಿಶ್ 1937ರಲ್ಲಿ ಅಲೆಲೋಪಥಿ ಎಂದು ಹೆಸರಿಟ್ಟ.

ಇದನ್ನು ನೋಡಲು ಪ್ರಯೋಗಾಲಯವೇ ಆಗಬೇಕೆಂದಿಲ್ಲ. ನಾನು ನೀಲಗಿರಿ ಎಲೆ ಅರೆದು, ರಾತ್ರಿಯಿಡೀ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿದೆ. ಒಂದು ತಟ್ಟೆಗೆ ಆ ಗಟ್ಟಿ ರಸ, ಒಂದಕ್ಕೆ ಚೆನ್ನಾಗಿ ನೀರು ಬೆರೆಸಿದ್ದು, ಇನ್ನೊಂದಕ್ಕೆ ಬರೀ ನೀರು. ಎಲ್ಲದರಲ್ಲೂ ಒದ್ದೆ ಬಟ್ಟೆಯ ಮೇಲೆ ರಾಗಿ ಕಾಳು. ಬರೀ ನೀರಿನ ತಟ್ಟೆಯಲ್ಲಿ ಬಿಳೀ ಬೇರು ನೂಲಿನಂತೆ ಉದ್ದಕ್ಕೆ ಹರಿಯಿತು. ಗಟ್ಟಿ ರಸದಲ್ಲಿ ಕೆಲವು ಕಾಳು ಬಾಯಿಯನ್ನೇ ಬಿಡಲಿಲ್ಲ. ಬಿಟ್ಟವುಗಳ ಬೇರು ಮೋಟು, ತುದಿ ಕಂದು. ಬೇರಿಗೆ ಬಿದ್ದಷ್ಟು ಪೆಟ್ಟು ಚಿಗುರಿಗೆ ಬೀಳಲಿಲ್ಲ. ನೀರು ಬೆರೆಸಿದ ತಟ್ಟೆಗೂ ಬರೀ ನೀರಿನದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದೇ ಎಲೆ, ಅದೇ ಕಾಳು. ಬದಲಾದದ್ದು ಪ್ರಮಾಣ ಮಾತ್ರ.

ಗಟ್ಟಿ ರಸದ ತಟ್ಟೆ ನೋಡಿದವರಿಗೆ ಮರದ ಮೇಲೆ ಆರೋಪಪಟ್ಟಿ ಸಿದ್ಧವಾಯಿತು ಅನ್ನಿಸುವುದು ಸಹಜ. ನನಗೆ ಅಲ್ಲೇ ಅನುಮಾನ. ಹೊಲದಲ್ಲಿ ಎಲೆ ಅರೆದು ಸುರಿಯುವವರು ಯಾರು? ಎಲೆ ತಾನಾಗಿ ಉದುರುತ್ತದೆ, ಒಣಗುತ್ತದೆ, ಮಳೆಗೆ ಒಂದಿಷ್ಟು ರಸ ಬಿಡುತ್ತದೆ. ಬಿಟ್ಟದ್ದರಲ್ಲಿ ಸ್ವಲ್ಪ ಮಣ್ಣಿಗೆ ಅಂಟುತ್ತದೆ, ಸ್ವಲ್ಪ ಹರಿದುಹೋಗುತ್ತದೆ, ಉಳಿದ ರಸದಲ್ಲಿನ ಫೀನಾಲ್ ಆಮ್ಲಗಳನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಇನ್ನೊಂದು ತೊಡಕೂ ಇದೆ. ಯಾವುದೇ ಗಟ್ಟಿ ದ್ರಾವಣ, ಸಕ್ಕರೆ ನೀರಾದರೂ ಸರಿ, ಕಾಳು ನೀರು ಹೀರುವುದನ್ನು ತಡೆಯುತ್ತದೆ. ಆ ಲೆಕ್ಕ ಕಳೆಯದೆ ವಿಷದ ಮಾತಾಡುವುದು ಅವಸರ. ಮಳೆ ಕಡಿಮೆ, ತರಗೆಲೆ ದಪ್ಪ, ಮಣ್ಣು ಬಡಕಲು ಎಂಬಲ್ಲಿ ತಟ್ಟೆಯ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಜೀವ ತುಂಬಿದ ಮಣ್ಣಿನಲ್ಲಿ ಅದೇ ಸಾಕ್ಷ್ಯ ನಿಲ್ಲದೆಯೂ ಹೋಗಬಹುದು.

ಈ ಸೂಕ್ಷ್ಮ ನಮ್ಮ ರೈತರಿಗೆ ಹೊಸದಲ್ಲ. ಗದ್ದೆಗೆ ಹೊಂಗೆ ಸೊಪ್ಪು ತುಳಿಸಿದವರು ಮರುದಿನವೇ ನಾಟಿಗೆ ಇಳಿಯುವುದಿಲ್ಲ. ಒಂದೆರಡು ವಾರ ಕೊಳೆಯಲು ಬಿಡುತ್ತಾರೆ. ನಿಂತ ನೀರಿನಲ್ಲಿ ಹಸಿ ಸೊಪ್ಪು ಕೊಳೆಯುವಾಗ ಹುಟ್ಟುವ ಆಮ್ಲಗಳು ಎಳೆ ಬೇರನ್ನು ಸುಡಬಲ್ಲವು. ಕೊಳೆತ ಮೇಲೆ ಅದೇ ಸೊಪ್ಪು ಸಾರಜನಕದ ಗೊಬ್ಬರ. ಮಲೆನಾಡಿನ ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಿಂದ ತಂದದ್ದನ್ನು ಮೊದಲು ಕೊಟ್ಟಿಗೆಗೆ ಹಾಸುತ್ತಾರೆ. ಸಗಣಿ, ಗಂಜಲ ಕುಡಿದು ಗೊಬ್ಬರಗುಂಡಿಯಲ್ಲಿ ಕಳಿತ ಮೇಲಷ್ಟೇ ಅದು ಮರದ ಬುಡ ಸೇರುವುದು. ಅಕೇಸಿಯಾ ಎಲೆ ಬೇಗ ಕೊಳೆಯುವುದಿಲ್ಲವೆಂದು ಮೂಗು ಮುರಿಯುವವರು ಅವರಲ್ಲಿ ಬಹಳ. ಆ ಮೂಗು ಮುರಿಯುವುದರಲ್ಲಿ ವಿಜ್ಞಾನವಿದೆ.

ಇನ್ನು ನುಗ್ಗೆ. ಅದರ ಎಳೆ ಸೊಪ್ಪಿನಲ್ಲಿ ಜಿಯಾಟಿನ್ ಎಂಬ ಬೆಳವಣಿಗೆಯ ಹಾರ್ಮೋನು ಹೇರಳ. ನಿಕರಾಗುವದಲ್ಲಿ ಸಂಶೋಧಕರು ಅದರ ರಸಕ್ಕೆ ನೀರು ಬೆರೆಸಿ ಬೆಳೆಗೆ ಸಿಂಪಡಿಸಿ ಇಳುವರಿ ಏರಿದ್ದನ್ನು ದಾಖಲಿಸಿದ ಮೇಲೆ ಅದು ಎಲ್ಲೆಡೆ ಸುದ್ದಿಯಾಯಿತು. ಒಂದು ಪಾಲು ರಸಕ್ಕೆ ಸುಮಾರು 30 ಪಾಲು ನೀರು ಎನ್ನುವುದು ಬಳಕೆಯಲ್ಲಿರುವ ಅಳತೆ. ಗಟ್ಟಿಯಾಗಿ ಕೊಟ್ಟರೆ ನುಗ್ಗೆ ರಸವೂ ಮೊಳಕೆಯನ್ನು ಹಿಡಿದು ನಿಲ್ಲಿಸುತ್ತದೆ. ಸಾವಯವ ಎಂದಾಕ್ಷಣ ಚೊಂಬುಗಟ್ಟಲೆ ಸುರಿಯುವ ನಮ್ಮ ಉತ್ಸಾಹಕ್ಕೆ ಇದು ರುಚಿಸುವುದಿಲ್ಲ.

ನಮಗೆ ಮರಗಳನ್ನು ಪುಣ್ಯವಂತರು, ಪಾಪಿಗಳು ಎಂದು ಎರಡು ಪಂಕ್ತಿಯಲ್ಲಿ ಕೂರಿಸುವ ಚಟ. ಬೇವು, ಹೊಂಗೆ, ನುಗ್ಗೆ ಒಂದು ಕಡೆ. ನೀಲಗಿರಿ, ಅಕೇಸಿಯಾ ಇನ್ನೊಂದು ಕಡೆ. ಆದರೆ ಬೇವಿನ ಗಟ್ಟಿ ಕಷಾಯವೂ ಕಾಳಿನ ಮೊಳಕೆ ತಡೆಯುತ್ತದೆ. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದಾಗ ಮುಖ್ಯ ಚಿಂತೆ ಅಂತರ್ಜಲದ್ದಾಗಿತ್ತು. ಅದು ಗಟ್ಟಿ ವಾದ. ಅದಕ್ಕೆ ಎಲೆ ರಸದ ತಟ್ಟೆಯನ್ನು ಊರುಗೋಲು ಮಾಡಬೇಕಿಲ್ಲ.

ಯಾರಾದರೂ ಹೊಸ ಸೊಪ್ಪಿನ ಕಷಾಯ ಕೊಟ್ಟು ಅದ್ಭುತವಾಗಿದೆ ಎಂದರೆ ಹೊಲಕ್ಕೆಲ್ಲ ಹೊಡೆಯಬೇಡಿ. ಒಂದು ಸಾಲಿಗೆ ಹೇಳಿದಷ್ಟು, ಇನ್ನೊಂದಕ್ಕೆ ಅದರ ಅರ್ಧ ಕೊಡಿ. ಪಕ್ಕದ ಸಾಲಿಗೆ ಬರೀ ನೀರು ಹೊಡೆದು, ಮೂರನ್ನೂ ಕೊಯ್ಲಿನವರೆಗೆ ಗಮನಿಸಿ.