ಕೂರೋಕೆ ಒಂದು ಸ್ಟೂಲು

ಎಚ್‌ಆರ್ ಕೆಲಸದಲ್ಲಿರೋರಿಗೆ 'ವೆಲ್‌ನೆಸ್' ಅನ್ನೋ ಪದ ಕೇಳಿದರೆ ಮೊದಲು ನೆನಪಾಗೋದು ಬಜೆಟ್ಟು, ಆಮೇಲೆ ಗ್ರೂಪ್ ಫೋಟೋ. ನಾನೂ ಅದೇ ಜಾತಿ. 2023ರಲ್ಲಿ ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿದ್ದಾಗ ಯೋಗ, ಉಸಿರಾಟದ ಅಭ್ಯಾಸ, ಬಿಪಿ-ಶುಗರ್ ತಪಾಸಣೆ ಎಲ್ಲ ಸೇರಿಸಿ ಒಂದು ವಾರದ ಕಾರ್ಯಕ್ರಮ ಮಾಡಿಸಿದ್ದೆ. ದಂಡ ಅಂತ ಹೇಳಲ್ಲ. ಕುಣಿಗಲ್ ಕಡೆಯ ಒಬ್ಬ ಡ್ರೈವರ್‌ಗೆ ತನಗೆ ಬಿಪಿ ಇದೆ ಅಂತ ಗೊತ್ತಾಗಿದ್ದೇ ಆವಾಗ. ಪಾಪ, ಅಲ್ಲೀವರೆಗೆ ತಲೆನೋವಿನ ಮಾತ್ರೆ ನುಂಗ್ಕೊಂಡು ಬಸ್ ಓಡಿಸ್ತಿದ್ದ.

ಕೊನೇ ದಿನ ಒತ್ತಡ ನಿಭಾಯಿಸೋದರ ಬಗ್ಗೆ ನಾನೇ ಭಾಷಣ ಬಿಗಿದೆ. ಮುಗಿದ ಮೇಲೆ ಪ್ಯಾಕಿಂಗ್ ಲೈನಿನ ಒಬ್ಬ ಹೆಂಗಸು ಹತ್ತಿರ ಬಂದರು. ಗುಬ್ಬಿ ತಾಲ್ಲೂಕಿನ ಹಳ್ಳಿಯವರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಅಡುಗೆ ಮಾಡಿಟ್ಟು, ಕಂಪನಿ ಬಸ್ ಹಿಡಿಯೋರು.

"ಸಾರ್, ಉಸಿರು ಎಳ್ಕೊಳೋದೆಲ್ಲ ಚೆನ್ನಾಗಿತ್ತು. ನಮಗೆ ಕೂರೋಕೆ ಒಂದೊಂದು ಸ್ಟೂಲು ಹಾಕಿಸ್ಕೊಡ್ತೀರಾ? ಸಂಜೆ ಹೊತ್ತಿಗೆ ಕಾಲು ಊದ್ಕೊಂಡ್‌ಬಿಡುತ್ತೆ."

"ನೋಡ್ತೀನಿ ಅಕ್ಕ" ಅಂದೆ. ನೋಡ್ತೀನಿ ಅನ್ನೋದು ನಮ್ಮ ಡಿಪಾರ್ಟ್‌ಮೆಂಟಿನ ಮಾತೃಭಾಷೆ.

ರಾತ್ರಿ ಮನೆಗೆ ಬಂದು 1948ರ ಕಾರ್ಖಾನೆಗಳ ಕಾಯ್ದೆ ತೆಗೆದೆ. ಹಿಂದೆ ಪರೀಕ್ಷೆಗೆ ಉರು ಹೊಡೆದು ಮರೆತದ್ದು. 44ನೇ ಸೆಕ್ಷನ್ ಅಲ್ಲೇ ಕೂತಿತ್ತು: ನಿಂತೇ ಕೆಲಸ ಮಾಡಬೇಕಾದವರಿಗೆ, ನಡುವೆ ಬಿಡುವು ಸಿಕ್ಕಾಗ ಕೂರೋಕೆ ವ್ಯವಸ್ಥೆ ಇರಲೇಬೇಕು. ಅಂದರೆ ಆಕೆ ಕೇಳಿದ್ದು ಉಪಕಾರ ಅಲ್ಲ, ಬಾಕಿ. ಬಾಕಿ ಹಾಗೇ ಉಳಿಸಿಕೊಂಡು ನಾನು ಯೋಗದ ಮ್ಯಾಟ್ ಹಂಚಿದ್ದೆ.

ಗುಬ್ಬಿ ಅಂದ ಕೂಡಲೇ ನನಗೆ ವೀರಣ್ಣನವರು ನೆನಪಾಗ್ತಾರೆ. ತಮ್ಮ ನಾಟಕ ಕಂಪನಿಯಲ್ಲಿದ್ದ ಹುಡುಗ ಬಿ.ವಿ. ಕಾರಂತರನ್ನು ಓದೋಕೆ ಕಾಶಿಗೆ ಕಳಿಸಿದ ಮಾಲೀಕ. ಹಾಗೆ ಮಾಡಿ ಅಂತ ಯಾವ ಕಾನೂನೂ ಅವರಿಗೆ ಹೇಳಿರಲಿಲ್ಲ. ಅದನ್ನು ಕಾಳಜಿ ಅನ್ನಬಹುದು, ಕೈಯೆತ್ತಿ ಮುಗಿಯಬಹುದು. ಸ್ಟೂಲಿಗೆ ಯಾಕೆ ಮುಗಿಯಬೇಕು? ಎಲ್ಲ ಧಣಿಗಳೂ ವೀರಣ್ಣ ಆಗಲ್ಲ ಅಂತಲೇ ತಾನೇ ಕಾನೂನು ಬರೆದದ್ದು.

ಇನ್ನೂ ಚುಚ್ಚಿದ್ದು ನನ್ನ ಭಾಷಣ. ಒತ್ತಡ ನಿಭಾಯಿಸೋದು ಕಲೀರಿ ಅಂದರೆ, ತೊಂದರೆ ನಿಮ್ಮ ತಲೆಯಲ್ಲಿದೆ ಅಂದ ಹಾಗೆ. ಆಕೆಯ ತೊಂದರೆ ಕಾಲಲ್ಲಿತ್ತು. ಅದೇ ವರ್ಷ ರಾಜ್ಯದಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ದಿನಕ್ಕೆ 12 ಗಂಟೆವರೆಗೂ ದುಡಿಸಿಕೊಳ್ಳೋಕೆ ದಾರಿ ಮಾಡಿದ್ದರು. ವಾರಕ್ಕೆ 48 ಗಂಟೆ ಮೀರೋ ಹಾಗಿಲ್ಲ, ನಿಜ. ಆದರೆ ಊದ್ಕೊಂಡ ಕಾಲಿಗೆ ವಾರದ ಲೆಕ್ಕ ಹೇಗೆ ತಿಳಿಸ್ತೀರಿ?

ಸ್ಟೂಲುಗಳು ನಾಲ್ಕು ತಿಂಗಳಿಗೆ ಬಂದವು. ಕಾನೂನು ಪಾಲನೆ ಅಂತ ಬರೆದರೆ ಇಷ್ಟು ದಿನ ಯಾಕಿರಲಿಲ್ಲ ಅನ್ನೋ ಪ್ರಶ್ನೆ ಏಳುತ್ತೆ ಅಂತ 'ವೆಲ್‌ನೆಸ್' ಖಾತೆಗೆ ಹಾಕಿದರು. ನನ್ನ ಅಪ್ರೈಸಲ್‌ನಲ್ಲಿ ಅದು ಸಾಧನೆಯಾಗಿ ಸೇರಿತು. ನಾನು ತಿದ್ದಿಸಲಿಲ್ಲ. ಇಂಕ್ರಿಮೆಂಟ್ ಬೇಕಿತ್ತು.

ವಾರ ಬಿಟ್ಟು ಲೈನಿಗೆ ಹೋದರೆ ಯಾರೂ ಕೂತಿಲ್ಲ, ಸ್ಟೂಲುಗಳು ಗೋಡೆಗೆ ಒತ್ತಿಕೊಂಡು ನಿಂತಿವೆ.

"ಯಾಕಕ್ಕ?"

"ಟಾರ್ಗೆಟ್ ಅಷ್ಟೇ ಇದೆಯಲ್ಲ ಸಾರ್. ಕೂತ್ರೆ ಸೂಪರ್‌ವೈಸರ್ ಗುರಾಯಿಸ್ತಾರೆ."

ಪ್ರೊಡಕ್ಷನ್‌ನವರ ಜೊತೆ ಜಗಳ ಆಡಿ, ಎರಡು ಗಂಟೆಗೊಮ್ಮೆ ಐದು ನಿಮಿಷ ಲೈನ್ ನಿಲ್ಲಿಸೋಕೆ ಒಪ್ಪಿಸಿದೆ. ಸದ್ಯಕ್ಕೆ ಒಂದೇ ಲೈನು, ಅದೂ ಬರೀ ಡೇ ಶಿಫ್ಟಿಗೆ.